ಅಜ್ಜಿಗೆ ಕೊಟ್ಟ ದುಡ್ಡು ಸಂಬಳವಾ, ಗಿಫ್ಟಾ?

ಇವತ್ತು ಮುಂಬೈ ಮನೆಗಳ ಒಂದು ಸಣ್ಣ ಲೆಕ್ಕದ ಹಿಂದಿರೋ ಇತಿಹಾಸ ನೋಡೋಣ.

ಗಂಡ, ಹೆಂಡತಿ ಇಬ್ರೂ ಬೆಳಿಗ್ಗೆ ಡೊಂಬಿವಲಿಯಲ್ಲೋ ಠಾಣೆಯಲ್ಲೋ ಲೋಕಲ್ ಹಿಡೀತಾರೆ. ಮಗು ನೋಡಿಕೊಳ್ಳೋಕೆ ಉಡುಪಿಯಿಂದಲೋ ಧಾರವಾಡದಿಂದಲೋ ಅಜ್ಜಿ ಬಂದಿರ್ತಾರೆ. ಪಕ್ಕದ ಬಿಲ್ಡಿಂಗಿನ ಪಾಳಣಾಘರಕ್ಕೆ ಕೊಟ್ಟ ಫೀಸು ಅದನ್ನು ನಡೆಸುವವರ ಆದಾಯ, ಅದರಲ್ಲಿ ಗೊಂದಲ ಇಲ್ಲ. ಅದೇ ದುಡ್ಡನ್ನ ತಿಂಗಳಿಗೆ 20,000 ರೂಪಾಯಿಯಂತೆ ಅಜ್ಜಿಯ ಖಾತೆಗೆ ಹಾಕಿದರೆ?

ಇದಕ್ಕೆ ಉತ್ತರ ಹುಡುಕೋಕೆ ಹಿಂದಕ್ಕೆ ಹೋಗಬೇಕು. ಮನೆಯೊಳಗಿನ ದುಡ್ಡಿನ ಮೇಲೆ ನಮ್ಮ ತೆರಿಗೆ ಕಾನೂನಿಗೆ ಮೊದಲಿಂದಲೂ ಅನುಮಾನ. ಹೆಂಡತಿ ಮಕ್ಕಳ ಹೆಸರಿಗೆ ಆಸ್ತಿ ಬರೆದು ತೆರಿಗೆ ಇಳಿಸಿಕೊಳ್ಳೋದನ್ನ ತಡೆಯೋಕೆ 1937ರಲ್ಲಿ, 1922ರ ಕಾಯ್ದೆಗೇ ತಿದ್ದುಪಡಿ ಬಂತು. ಆ ಆದಾಯವನ್ನು ಕೊಟ್ಟವರ ಲೆಕ್ಕಕ್ಕೇ ಸೇರಿಸಿದರು. 1958ರಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ ಸಲಹೆಯಂತೆ ಗಿಫ್ಟ್ ಟ್ಯಾಕ್ಸ್ ಬಂತು, ಕೊಟ್ಟವರು ಕಟ್ಟಬೇಕಿತ್ತು. 1998ರ ಅಕ್ಟೋಬರ್ 1ಕ್ಕೆ ಅದು ನಿಂತಿತು. 2004ರಲ್ಲಿ ತೆರಿಗೆ ವಾಪಸ್ ಬಂತು, ಈ ಸಲ ಪಡೆದವರ ಮೇಲೆ. ‘ಸಂಬಂಧಿ’ಯಿಂದ ಬಂದಿದ್ದರೆ ಮಾಫಿ.

ಈ ‘ಸಂಬಂಧಿ’ ಪಟ್ಟಿ ಮಜವಾಗಿದೆ. ಪಡೆದವರ ಕಡೆಯಿಂದ ಓದಬೇಕು. ಮಗ, ಮಗಳು, ಸೊಸೆ, ಅಳಿಯ ಎಲ್ಲ ಅಜ್ಜಿಗೆ ಸಂಬಂಧಿಗಳೇ. ಆದರೆ ಮಗು ನೋಡಿಕೊಳ್ಳೋಕೆ ಬಂದಿರೋದು ನಿಮ್ಮ ಚಿಕ್ಕಮ್ಮ ಅಂತಿಟ್ಟುಕೊಳ್ಳಿ. ಅಪ್ಪ ಅಮ್ಮನ ಒಡಹುಟ್ಟಿದವರು ಪಟ್ಟಿಯಲ್ಲಿ ಇರೋದ್ರಿಂದ ಚಿಕ್ಕಮ್ಮ ನಿಮಗೆ ಸಂಬಂಧಿ. ಒಡಹುಟ್ಟಿದವರ ಮಕ್ಕಳು ಇಲ್ಲದೇ ಇರೋದ್ರಿಂದ ನೀವು ಚಿಕ್ಕಮ್ಮನಿಗೆ ಸಂಬಂಧಿ ಅಲ್ಲ! ಅವರು ಕೊಟ್ಟದ್ದು ನಿಮಗೆ ಮಾಫಿ. ನೀವು ಕೊಟ್ಟದ್ದು ವರ್ಷಕ್ಕೆ 50,000 ದಾಟಿದರೆ ಪೂರ್ತಿ ಅವರ ಆದಾಯ. ಕೋಡ್ ರಿವ್ಯೂನಲ್ಲಿ ಇಂಥದ್ದನ್ನ ನಾನಂತೂ ಪಾಸ್ ಮಾಡ್ತಿರಲಿಲ್ಲ.

ಅಜ್ಜಿಯದ್ದೂ ಅಷ್ಟು ಸರಳ ಇಲ್ಲ. ಗಿಫ್ಟ್ ಅನ್ನಿಸಿಕೊಳ್ಳಬೇಕಾದ್ರೆ ಪ್ರತಿಫಲ ಇರಬಾರದು. ಅಂದ್ರೆ ಮಾಫಿ ಬೇಕಾದ್ರೆ ಅಜ್ಜಿ ಈ ದುಡ್ಡಿಗಾಗಿ ಏನೂ ಕೆಲಸ ಮಾಡಿಲ್ಲ ಅಂತ ಒಪ್ಪಿಕೊಳ್ಳಬೇಕು. ಮಾಡಿದ್ದಾರೆ ಅಂದ್ರೆ ಅದು ಅವರ ಆದಾಯ. ತೆರಿಗೆ ಬೀಳುತ್ತಾ? ಬೇರೆ ಆದಾಯ ಇಲ್ಲದಿದ್ದರೆ ವರ್ಷಕ್ಕೆ 2.4 ಲಕ್ಷ, ಮಿತಿಯ ಒಳಗೇ. 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೂ ಸಾಮಾನ್ಯ ಆದಾಯಕ್ಕೆ ತೆರಿಗೆ ಸೊನ್ನೆ. ಹಾಗಾಗಿ ಸಂಬಳ ಅಂತಲೇ ಬರೆದರೂ ಹೆಚ್ಚಿನ ಮನೆಗಳಲ್ಲಿ ನಷ್ಟ ಏನಿಲ್ಲ. ಆದರೂ ಯಾರೂ ಬರೆಯಲ್ಲ, ಯಾಕಂದ್ರೆ ಕೊಡುವವರಿಗೆ ಒಂದು ಪೈಸೆ ಕಡಿತ ಸಿಗಲ್ಲ.

ಅದೇ ಅಮ್ಮನ ಹೆಸರಿನ ಫ್ಲಾಟಿನಲ್ಲಿದ್ದು ಬಾಡಿಗೆ ಕೊಟ್ಟರೆ, ಹಳೇ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿ ಕೇಳಬಹುದು. 2017ರಲ್ಲಿ ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಇಂಥ ಒಂದು ಕೇಸನ್ನ ತಳ್ಳಿಹಾಕಿತು. ನಗದು ಬಾಡಿಗೆ, ದಾಖಲೆ ಇಲ್ಲ, ಹಾಗಾಗಿ ನಂಬಲಿಲ್ಲ. ದಾಖಲೆ ಇದ್ದಿದ್ದರೆ ಅಮ್ಮನ ಗೋಡೆಗೆ ಬೆಲೆ ಇತ್ತು. ಅಮ್ಮ ಮಗು ಎತ್ತಿಕೊಂಡ ಹತ್ತು ಗಂಟೆಗೆ ದಾಖಲೆ ಇಟ್ಟರೂ ಕಾಲಂ ಇಲ್ಲ.

ಅಮೆರಿಕದಲ್ಲೂ 1939ರಲ್ಲಿ ಸ್ಮಿತ್ ದಂಪತಿ, ದಾದಿಯ ಸಂಬಳ ನಮ್ಮ ದುಡಿಮೆಯ ಖರ್ಚು ಅಂತ ವಾದಿಸಿ ಸೋತಿದ್ದರು. 1954ರಲ್ಲಿ ಅಲ್ಲಿ ಕಡಿತ ಬಂತು. 1978ರ ಕಾಯ್ದೆ ಅಜ್ಜಿ ತಾತನಿಗೆ ಕೊಟ್ಟದ್ದನ್ನೂ ಒಪ್ಪಿತು.

ನಮ್ಮಲ್ಲಿ ಮನೆಯ ಈ ಕೆಲಸಕ್ಕೆ ಬೆಲೆ ಕಟ್ಟಿರೋದು ಅಪಘಾತ ಪರಿಹಾರದ ಕೇಸುಗಳಲ್ಲಿ. 2021ರ ಜನವರಿ 5ರ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತೀರಿಹೋದ ಗೃಹಿಣಿಗೂ ಆದಾಯ ಲೆಕ್ಕ ಹಾಕಬೇಕು ಅಂತ ಹೇಳ್ತಾ 2019ರ ಸಮಯ ಬಳಕೆ ಸಮೀಕ್ಷೆ ಉಲ್ಲೇಖಿಸಿತು: ಇಂಥ ಕೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಮನೆಗೆಲಸ, 134 ನಿಮಿಷ ಆರೈಕೆ. ಸತ್ತ ಮೇಲೆ ಸಿಗುವ ಈ ಲೆಕ್ಕ ಬದುಕಿದ್ದಾಗ ಯಾವ ರಿಟರ್ನ್‌ನಲ್ಲೂ ಬರಲ್ಲ.

ಅಲ್ಲಿಯವರೆಗೆ ಮಾಡಬಹುದಾದ್ದು ಇಷ್ಟು. ದುಡ್ಡನ್ನ ನಗದಾಗಿ ಕೊಡದೆ ಅಜ್ಜಿಯ ಹೆಸರಿನ ಖಾತೆಗೇ ಹಾಕಿ. ಅದರಲ್ಲಿ ಎಫ್‌ಡಿ ಇಟ್ಟರೆ ಬಡ್ಡಿ ನಿಮ್ಮ ಲೆಕ್ಕಕ್ಕೆ ಸೇರಲ್ಲ. 1937ರಿಂದ ಬಂದ ಆ ಅನುಮಾನದ ಪಟ್ಟಿಯಲ್ಲಿ ಅಮ್ಮ ಇಲ್ಲ. ಆ ಪಾಸ್‌ಬುಕ್ ಅವರ ಕೈಯಲ್ಲೇ ಇರಲಿ.