ಸಯ್ಯಿದ್ ಮತ್ತು ಸಿದ್ದಿ: ಒಂದೇ ಬೇರಿನ ಎರಡು ಹೆಸರುಗಳು

ಜುಮಾ ನಮಾಝಿನ ಸಫ್ಫಿನಲ್ಲಿ ಅಂತಸ್ತಿಗೆ ಜಾಗವಿಲ್ಲ. ಅಡಿಕೆ ವ್ಯಾಪಾರಿಯೂ ಅವರ ಅಂಗಡಿಯಲ್ಲಿ ಮೂಟೆ ಹೊರುವವರೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ಆದರೆ ನಮಾಝ್ ಮುಗಿದು ಹೊರಗೆ ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಒಬ್ಬರು 'ಸಾಹೇಬರು' ಆಗಿರುತ್ತಾರೆ, ಇನ್ನೊಬ್ಬರು 'ಏ, ಸಿದ್ದಿ' ಆಗಿರುತ್ತಾರೆ. ಈ ಎರಡು ಕರೆಗಳ ನಡುವಿನ ದೂರ ಎಲ್ಲಿಂದ ಬಂತು ಎಂಬುದನ್ನು ಯಲ್ಲಾಪುರ, ಶಿರಸಿ, ಸಿದ್ದಾಪುರದ ನಾವು ತಿಳಿದುಕೊಳ್ಳಲೇಬೇಕು.

ಮೊದಲು ಹೆಸರನ್ನೇ ನೋಡೋಣ. 'ಸಿದ್ದಿ' ಎಂಬುದು ಅರಬಿಯ 'ಸಯ್ಯಿದೀ' ಎಂಬ ಮಾತಿನಿಂದ ಬಂದಿದೆ ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಅದರ ಅರ್ಥ 'ನನ್ನ ಒಡೆಯ'. ನಾವು ಗೌರವದಿಂದ ಹೇಳುವ 'ಸಯ್ಯಿದ್' ಮತ್ತು ನಾವು ಸಸಾರದಿಂದ ಕೂಗುವ 'ಸಿದ್ದಿ' ಒಂದೇ ಬೇರಿನಿಂದ ಹುಟ್ಟಿದ ಪದಗಳು. ಒಂದು ಏಣಿಯ ಮೇಲಿನ ಮೆಟ್ಟಿಲಿಗೆ ಏರಿತು, ಇನ್ನೊಂದು ಕೆಳಗಿನ ಮೆಟ್ಟಿಲಲ್ಲಿ ಉಳಿಯಿತು. ವ್ಯತ್ಯಾಸ ಪದದಲ್ಲಿಲ್ಲ, ಹೇಳುವ ಬಾಯಿಯಲ್ಲಿದೆ.

ಇವರ ಪೂರ್ವಜರು ಆಫ್ರಿಕಾದಿಂದ ಬಂದವರು. ಎಲ್ಲರೂ ಒಂದೇ ದಾರಿಯಲ್ಲಿ ಬರಲಿಲ್ಲ, ಎಲ್ಲರ ಪಾಲಿಗೆ ಒಂದೇ ಗತಿಯೂ ಬರಲಿಲ್ಲ. ದಖನಿನ ಸುಲ್ತಾನರ ಸೈನ್ಯಕ್ಕೆ ಸೇರಿದವರ ಚರಿತ್ರೆ ಬೇರೆಯೇ ಇದೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಹಲವು ಕೈ ಬದಲಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರ ರಾಜ್ಯದ ಆಡಳಿತದ ಚುಕ್ಕಾಣಿ ಹಿಡಿದರು. ಮುಂದೆ ಔರಂಗಾಬಾದ್ ಎಂದು ಹೆಸರಾದ ಖಡ್ಕಿ ನಗರವನ್ನು ಕಟ್ಟಿ, ನೆಲದಡಿಯ ಕಾಲುವೆಗಳಿಂದ ಅಲ್ಲಿಗೆ ನೀರು ತಂದರು. ಮೊಘಲರ ವಿರುದ್ಧ ಹಲವು ವರ್ಷ ಹೋರಾಡಿ, 1626ರಲ್ಲಿ ತೀರಿಕೊಂಡರು. ನಮ್ಮ ಬಿಜಾಪುರದಲ್ಲಿ ಎರಡನೆಯ ಇಬ್ರಾಹೀಂ ಆದಿಲ್‌ಶಾಹ್ ಬಾಲಕನಾಗಿದ್ದಾಗ ರಾಜ್ಯಭಾರ ನಡೆಸಿದವರಲ್ಲಿ ದಿಲಾವರ್ ಖಾನ್ ಒಬ್ಬರು. ಅವರೂ ಹಬ್ಶಿಯೇ.

ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂದವರ ಪಾಲಿಗೆ ಮನೆಗೆಲಸ, ಹೊರೆ, ಪಲ್ಲಕ್ಕಿ ಬಂದವು. ಪೋರ್ಚುಗೀಸರು ತಮ್ಮ ಆಡಳಿತದ ನೆಲದಲ್ಲಿ ಗುಲಾಮಗಿರಿಯನ್ನು ಕಾನೂನಿನಲ್ಲಿ ಪೂರ್ತಿ ತೆಗೆದುಹಾಕಿದ್ದು 1869ರಲ್ಲಿ. ಅದಕ್ಕಾಗಿ ಕಾಯದೆ ತಪ್ಪಿಸಿಕೊಂಡು ಹೊರಟವರು ನಮ್ಮ ಘಟ್ಟದ ಕಾಡುಗಳಲ್ಲಿ ನೆಲೆ ಹುಡುಕಿದರು. ಹೀಗೆ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಶಿರಸಿಯ ಕಾಡಿನಂಚಿನಲ್ಲಿ ಅವರ ಕೇರಿಗಳು ಎದ್ದವು. ಕಾಲಕ್ರಮದಲ್ಲಿ ಕೆಲವರು ಹಿಂದೂಗಳಾಗಿ, ಕೆಲವರು ಕ್ರೈಸ್ತರಾಗಿ, ಕೆಲವರು ಮುಸ್ಲಿಮರಾಗಿ ಉಳಿದರು.

ಮೂಲ ನೆಲ ಒಂದೇ, ಮೈಬಣ್ಣ ಒಂದೇ. ಕೈಗೆ ಕತ್ತಿ ಸಿಕ್ಕವರು ವಜೀರರಾದರು, ಹೊರೆ ಸಿಕ್ಕವರು ಕೂಲಿಗಳಾದರು. ಹಾಗಾದರೆ ಅಂತಸ್ತು ರಕ್ತದಲ್ಲಿದೆ ಎಂದು ಹೇಳುವುದು ಹೇಗೆ?

ಕಾಡಿಗೆ ಬಂದ ಮೇಲೂ ಏಣಿ ಬೆನ್ನು ಬಿಡಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಬದುಕು ಅಡಿಕೆ ತೋಟದ ಸುತ್ತ ಕಟ್ಟಿಕೊಂಡದ್ದು. ತೋಟವಿದ್ದವರಿಗೆ ಸೊಪ್ಪು, ದರಕು ತರಲು ತೋಟದ ಹಲವು ಪಟ್ಟು 'ಸೊಪ್ಪಿನ ಬೆಟ್ಟ'ದ ಹಕ್ಕನ್ನು ಬ್ರಿಟಿಷರ ಕಾಲದಲ್ಲೇ ಸರ್ಕಾರ ಬರೆದುಕೊಟ್ಟಿತು. ತೋಟವಿಲ್ಲದ ಸಿದ್ದಿ ಅದೇ ಕಾಡಿನಲ್ಲಿ ಅಂಗೈಯಗಲ ಗದ್ದೆ ಮಾಡಿದರೆ ಅತಿಕ್ರಮಣದಾರ ಎನಿಸಿಕೊಂಡ. 1974ರಲ್ಲಿ ಭೂಸುಧಾರಣೆ ಬಂದಾಗ ಗೇಣಿದಾರರು ಭೂಮಿಯ ಒಡೆಯರಾದರು. ಸಿದ್ದಿಗಳಲ್ಲಿ ಹೆಚ್ಚಿನವರು ಗೇಣಿದಾರರೂ ಆಗಿರಲಿಲ್ಲ, ತೋಟದ ಆಳುಗಳಾಗಿದ್ದರು. ಆ ಕಾನೂನಿನ ಫಲ ಅವರ ಅಂಗಳದವರೆಗೆ ಬರಲೇ ಇಲ್ಲ. ಏಣಿಯ ಕೊನೆಯ ಮೆಟ್ಟಿಲಲ್ಲಿ ಇದ್ದವರಿಗೆ ಒಳ್ಳೆಯ ಕಾನೂನೂ ಹೀಗೆ ತಲುಪದೆ ಹೋಗುತ್ತದೆ.

ಬದಲಾವಣೆ ಬಂದದ್ದು ಅವರೇ ಒಗ್ಗೂಡಿದಾಗ. 1980ರ ದಶಕದಲ್ಲಿ ಮೂರೂ ಧರ್ಮಗಳ ಸಿದ್ದಿಗಳು ಒಂದೇ ಸಂಘ ಕಟ್ಟಿ ಹಕ್ಕು ಕೇಳಿದರು. ಕೊನೆಗೆ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ಆ ಸ್ಥಾನ ಸಿಕ್ಕಿತು. ಅದೇ ವರ್ಷ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಆ ಸಮುದಾಯದಿಂದ ರಾಜ್ಯದ ಶಾಸನಸಭೆಗೆ ಹೋದ ಮೊದಲಿಗರಾದರು.

ಇಲ್ಲಿ ನಮ್ಮ ಮನೆಗಳು ತಿಳಿದಿರಬೇಕಾದ ಒಂದು ವಿಷಯವಿದೆ. ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಸೀಮಿತ. ಪರಿಶಿಷ್ಟ ಪಂಗಡಕ್ಕೆ ಆ ಧರ್ಮದ ಷರತ್ತಿಲ್ಲ. ಆದ್ದರಿಂದ ಮುಸ್ಲಿಂ ಸಿದ್ದಿಯ ಮಗುವಿಗೂ ಹಿಂದೂ ಸಿದ್ದಿಯ ಮಗುವಿಗೂ ಹಕ್ಕು ಒಂದೇ. ಶಾಲೆಗೆ ಸೇರಿಸುವಾಗ ಜಾತಿಯ ಕಾಲಮಿನಲ್ಲಿ ಬರೀ 'ಮುಸ್ಲಿಂ' ಎಂದು ಬರೆಸಿ ಬಂದರೆ ಮುಂದೆ ಪ್ರಮಾಣಪತ್ರಕ್ಕೆ ಅಲೆಯಬೇಕಾದೀತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿಯೂ ಹಾಗೆಯೇ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಭೂಮಿಯಲ್ಲಿ ಇದ್ದುದನ್ನು ತೋರಿಸಿದರೆ ಸಾಕು. ಇತರ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು. ಸಿದ್ದಾಪುರ, ಶಿರಸಿಯ ಅರಣ್ಯಭೂಮಿಯಲ್ಲಿ ಬೇಸಾಯ ಮಾಡುವವರಿಗೆ ಈ 75 ವರ್ಷದ ಭಾರ ಗೊತ್ತು. ಒಂದು ಕಾಗದದಲ್ಲಿ ಬರೆದ ಒಂದು ಪದ ಒಂದು ಮನೆಯ ನೆಲವನ್ನು ಉಳಿಸಬಲ್ಲದು.

ಸರ್ಕಾರದ ಪಟ್ಟಿ ಬದಲಾಗಿದೆ. ನಮ್ಮ ಮನಸ್ಸಿನ ಪಟ್ಟಿ?

ಪ್ರವಾದಿ(ಸ)ರು ಮಕ್ಕಾ ವಿಜಯದ ದಿನ ಕಅಬಾದ ಮೇಲೇರಿ ಅಝಾನ್ ಕೊಡಲು ಹೇಳಿದ್ದು ಹಬ್ಶಿ ಬಿಲಾಲ್(ರ)ರಿಗೆ. ಕೆಲವು ಖುರೈಷಿ ಮುಖಂಡರಿಗೆ ಅದು ನುಂಗಲಾರದ ತುತ್ತಾಯಿತು. ಹಬ್ಶಿ ತಾಯಿ ಉಮ್ಮು ಐಮನ್(ರ)ರ ಮಗ ಉಸಾಮ(ರ)ರನ್ನು ಎಳೆಯ ಪ್ರಾಯದಲ್ಲೇ ಸೇನಾಪತಿ ಮಾಡಿದಾಗಲೂ ಗೊಣಗಿದವರಿದ್ದರು. ಪ್ರವಾದಿ(ಸ)ರು ಆ ಗೊಣಗಾಟಕ್ಕೆ ಬಗ್ಗಲಿಲ್ಲ. ಉಸಾಮ ಅದಕ್ಕೆ ಅರ್ಹರು ಎಂದು ಎಲ್ಲರ ಮುಂದೆಯೇ ಹೇಳಿದರು.

ನಾವು ಬಿಲಾಲ್(ರ)ರ ಕಥೆಯನ್ನು ಮದ್ರಸದ ಮಕ್ಕಳಿಂದ ವೇದಿಕೆಯ ಮೇಲೆ ಹೇಳಿಸುತ್ತೇವೆ, ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಮಗಳಿಗೆ ಸಂಬಂಧ ನೋಡುವಾಗ ಮಾತ್ರ ದೀನ್ ಕೇಳುವ ಮೊದಲು ಖಾಂದಾನ್ ಕೇಳುತ್ತೇವೆ, ಬಣ್ಣ ನೋಡುತ್ತೇವೆ. ದಾವತ್ತಿಗೆ ಸಿದ್ದಿ ಸಹೋದರರನ್ನು ಪಾತ್ರೆ ಹೊರಲು ಕರೆಯುವುದು ನಮಗೆ ನೆನಪಾಗುತ್ತದೆ, ನಮ್ಮ ಜೊತೆ ಊಟಕ್ಕೆ ಕೂರಿಸಿಕೊಳ್ಳುವುದು ನೆನಪಾಗುವುದಿಲ್ಲ. ಜಮಾಅತ್ ಕಮಿಟಿಯ ಹೆಸರುಗಳನ್ನು ಒಮ್ಮೆ ಓದಿ ನೋಡಿದರೆ ಯಾರ ಹೆಸರು ಇಲ್ಲ ಎಂಬುದು ತಿಳಿಯುತ್ತದೆ. ಬೇರೆಯವರು ನಮ್ಮನ್ನು ಕೀಳಾಗಿ ಕಂಡಾಗ ನೋಯುವ ನಾವು, ನಮ್ಮವರೇ ನಮ್ಮಿಂದ ನೊಂದಾಗ ಅದನ್ನು 'ರಿವಾಜು' ಎಂದುಬಿಡುತ್ತೇವೆ.

ದೊಡ್ಡ ಮಾತು ಬೇಡ. ಈ ಜುಮಾದಿಂದ ಮೂರು ಕೆಲಸ ಮಾಡೋಣ. ಹಿರಿಯ ಸಿದ್ದಿಯನ್ನು ಅವರ ಹೆಸರು ಹಿಡಿದು, ಹೆಸರಿನ ಮುಂದೆ 'ಭಾಯಿ' ಅಥವಾ 'ಚಾಚಾ' ಸೇರಿಸಿ ಕರೆಯೋಣ. ನಮ್ಮ ಮೊಹಲ್ಲಾದ ಸಿದ್ದಿ ಮಕ್ಕಳ ಜಾತಿ ಪ್ರಮಾಣಪತ್ರ, ಹಾಸ್ಟೆಲ್, ವಿದ್ಯಾರ್ಥಿವೇತನದ ಅರ್ಜಿ ಬರೆಯಲು ಓದಿದ ನಮ್ಮ ಹುಡುಗ ಹುಡುಗಿಯರು ಜೊತೆಗೆ ಕೂರಲಿ. ಒಳ್ಳೆಯ ಸಂಬಂಧ ಆ ಮನೆಯಿಂದ ಬಂದಾಗ ಬಾಗಿಲಿನಿಂದಲೇ ತಿರುಗಿಸಿ ಕಳಿಸದಿರೋಣ.

ಸಫ್ಫಿನಲ್ಲಿ ಹೆಗಲಿಗೆ ತಾಗಿದ ಹೆಗಲನ್ನು ಹೊರಗೆ ಬಂದ ಮೇಲೂ ಗುರುತಿಸುವ ಮನಸ್ಸನ್ನು ಅಲ್ಲಾಹನು ನಮಗೆ ಕೊಡಲಿ. ಆಮೀನ್.