ಗಡಾಯಿಕಲ್ಲು: ಹತ್ತಿದವರು ಇಳಿಯಲೂ ಬೇಕು

ಕುದ್ರೋಳಿಯ ಮಕ್ಕಳು ಹುಟ್ಟಿದಾರಭ್ಯ ನೋಡುವ ಕೋಟೆ ಬೋಳೂರಿನ ಸುಲ್ತಾನ್ ಬತ್ತೇರಿ. ಕೋಟೆ ಎನ್ನುವುದಕ್ಕಿಂತ ಕಾವಲು ಗೋಪುರ ಎನ್ನುವುದೇ ಸರಿ. ಕಪ್ಪು ಕಲ್ಲಿನ ಗಿಡ್ಡ ಕಟ್ಟಡ, ಹತ್ತಲು ಒಂದಿಷ್ಟು ಮೆಟ್ಟಿಲು, ಮೇಲೆ ತೋಪಿನ ಬಾಯಿಗೆಂದು ಬಿಟ್ಟ ಕಂಡಿಗಳು, ಕೆಳಗೆ ಮದ್ದುಗುಂಡಿನ ಕೋಣೆ. ಎದುರಿಗೆ ಗುರುಪುರ ಹೊಳೆ, ಅದರಾಚೆ ತಣ್ಣೀರುಬಾವಿ. "ಬತ್ತೇರಿ ಅಂದರೆ ಏನಜ್ಜ?" ಎಂದು ಕೇಳಿದ ಮೊಮ್ಮಗುವಿಗೆ ಟಾರ್ಚಿನ ಬ್ಯಾಟರಿ ತೋರಿಸಿದವರೂ ಇದ್ದಾರು! ಉತ್ತರ ಪೂರ್ತಿ ತಪ್ಪಲ್ಲ. ಎರಡೂ ಒಂದೇ ಇಂಗ್ಲಿಷ್ ಪದ. ಸಾಲಾಗಿ ನಿಲ್ಲಿಸಿದ ತೋಪುಗಳಿಗೆ ಇಂಗ್ಲಿಷರು ಬ್ಯಾಟರಿ ಎನ್ನುತ್ತಿದ್ದರು. ಅದು ನಮ್ಮವರ ಬಾಯಲ್ಲಿ ಬತ್ತೇರಿಯಾಯಿತು.

ಟಿಪ್ಪು ಸುಲ್ತಾನ್ ಇದನ್ನು ಕಟ್ಟಿಸಿದ್ದು 1784ರಲ್ಲಿ. ಶತ್ರುಗಳ ಹಡಗುಗಳು ಹೊಳೆಯೊಳಗೆ ನುಗ್ಗಬಾರದೆಂಬುದು ಉದ್ದೇಶ. ಅದಕ್ಕೆ ಮುಂಚಿನ ವರ್ಷ ಮಂಗಳೂರಿನ ಕೋಟೆ ಇಂಗ್ಲಿಷರ ಕೈಯಲ್ಲಿತ್ತು. 1783ರ ಮೇ ತಿಂಗಳಲ್ಲಿ ಟಿಪ್ಪು ಅದಕ್ಕೆ ಮುತ್ತಿಗೆ ಹಾಕಿದ. ಕರ್ನಲ್ ಕ್ಯಾಂಬೆಲ್ಲನ ಪಡೆ ಎಂಟು ತಿಂಗಳಿಗೂ ಹೆಚ್ಚು ಕಾಲ ಜಗ್ಗದೆ ನಿಂತು, ಕೊನೆಗೆ 1784ರ ಜನವರಿಯಲ್ಲಿ ಶರಣಾಯಿತು. ಕೋಟೆಯನ್ನು ಬಾಗಿಲು ತೆಗೆಯುವಂತೆ ಮಾಡಿದ್ದು ತೋಪಿಗಿಂತ ಹೆಚ್ಚಾಗಿ ಹಸಿವು ಮತ್ತು ರೋಗ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಅರುವತ್ತು ಕಿಲೋಮೀಟರ್ ದೂರದ ಇನ್ನೊಂದು ಕೋಟೆಯ ಬುಡದಲ್ಲಿ ಇದು ಮತ್ತೆ ಬೇಕಾಗುತ್ತದೆ.

ಆ ಇನ್ನೊಂದು ಕೋಟೆಯೇ ಬೆಳ್ತಂಗಡಿಯ ಗಡಾಯಿಕಲ್ಲು. ಬತ್ತೇರಿ ಹತ್ತಿ ಇಳಿದು ಬೇಸರವಾದ ಮಕ್ಕಳು ಒಂದು ರಜೆಯಲ್ಲಿ "ನಿಜವಾದ ಕೋಟೆ" ತೋರಿಸಿ ಎಂದು ಹಟ ಹಿಡಿದರೆ ಮಂಗಳೂರಿನವರಿಗೆ ಹತ್ತಿರದ ಬೆಟ್ಟದ ಕೋಟೆ ಇದು. ಬಿ.ಸಿ. ರೋಡ್, ಬಂಟ್ವಾಳ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ ಸೇರುವಷ್ಟರಲ್ಲಿ ಕಲ್ಲು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಹಿಂದೆ ಕುದುರೆಮುಖದ ಸಾಲು, ಮುಂದೆ ಅಡಿಕೆ ತೋಟಗಳ ನಡುವಿನಿಂದ ಒಂದೇ ಒಂದು ಬಂಡೆ ಎದ್ದು ನಿಂತಿದೆ. ಸಮುದ್ರ ಮಟ್ಟದಿಂದ ಸುಮಾರು 1,700 ಅಡಿ ಎತ್ತರ. ಬತ್ತೇರಿಯ ಮೆಟ್ಟಿಲು ಹಾರಿ ಹಾರಿ ಹತ್ತಿದ ಮಕ್ಕಳು ಇಲ್ಲಿ ಮೊದಲ ಬಾರಿಗೆ ಸುಮ್ಮನಾಗುತ್ತಾರೆ.

ಕಲ್ಲಿಗೆ ಹೆಸರು ಒಂದಲ್ಲ. ಹಿಂದೆ ನರಸಿಂಹಗಡ; ಬುಡದ ಊರು ನರಸಿಂಹಂಗಡಿ. ಬಂಗರಸರ ಹಳೆಯ ನೆಲೆಯಾದ ಬಂಗಾಡಿ ಇಲ್ಲಿಂದ ದೂರವಿಲ್ಲ. ಟಿಪ್ಪು ಈ ಬಂಡೆಯನ್ನು ಕಂಡು ಮೆಚ್ಚಿ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ. ವರ್ಷ 1794 ಎಂಬುದು ಗೆಜೆಟಿಯರುಗಳ ಲೆಕ್ಕ. ತಾಯಿ ಜಮಾಲಾಬಿಯ ನೆನಪಿಗಾಗಿ ಈ ಹೆಸರು ಎಂದು ಎಲ್ಲರೂ ಹೇಳುತ್ತಾರೆ, ಪುಸ್ತಕಗಳೂ ಹೇಳುತ್ತವೆ. ಆದರೆ ಇತಿಹಾಸದಲ್ಲಿ ಟಿಪ್ಪುವಿನ ತಾಯಿಯ ಹೆಸರು ಫಾತಿಮಾ ಫಕ್ರುನ್ನೀಸಾ. ಜಮಾಲ್ ಎಂದರೆ ಅರಬ್ಬಿಯಲ್ಲಿ ಚೆಲುವು ಎಂದರ್ಥ. ಚೆಲುವಿನ ಊರು ಎಂಬಷ್ಟೇ ಅರ್ಥ ಇದ್ದಿದ್ದರೂ ಈ ಬಂಡೆಗೆ ಒಪ್ಪುತ್ತಿತ್ತು! ಊರವರಿಗಂತೂ ಇದು ಗಡಾಯಿಕಲ್ಲು. ಬಸ್ಸಿನಲ್ಲಿ ಜಮಾಲಾಬಾದ್ ಎಂದು ಟಿಕೆಟ್ ಕೇಳುವವರು ಹೊರಗಿನವರೇ.

ಬೆಟ್ಟ ಈಗ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ, ಶುಲ್ಕ ಕಟ್ಟಿ ಮುಂದೆ ಹೋಗಬೇಕು. ಮಳೆಗಾಲದಲ್ಲಿ ಪ್ರವೇಶ ನಿಲ್ಲಿಸುವುದುಂಟು. ಹೊರಡುವ ಮೊದಲು ವಿಚಾರಿಸಿಕೊಂಡರೆ ಮಕ್ಕಳ ಅಳು ತಪ್ಪುತ್ತದೆ. ಮೊದಲು ಕಾಡಿನ ನೆರಳಿನ ದಾರಿ. ಆಮೇಲೆ ಬಂಡೆಯ ಮೈಯಲ್ಲೇ ಕಡಿದ ಮೆಟ್ಟಿಲುಗಳು. ಒಟ್ಟು 1,876 ಎಂಬುದು ವಾಡಿಕೆಯ ಲೆಕ್ಕ. ಎಣಿಸುತ್ತ ಹೊರಟ ಮಕ್ಕಳು ಸಾಮಾನ್ಯವಾಗಿ ಮುನ್ನೂರರ ಹತ್ತಿರ ಜಗಳ ತೆಗೆಯುತ್ತಾರೆ, ಐನೂರರಲ್ಲಿ ನೀರು ಕೇಳುತ್ತಾರೆ. ಮೆಟ್ಟಿಲುಗಳು ಒಂದೇ ಅಳತೆಯವಲ್ಲ. ಕೆಲವು ದೊಡ್ಡವರ ಗೇಣಿನಷ್ಟು, ಕೆಲವು ಆರು ವರ್ಷದವರ ಮೊಣಕಾಲಿನಷ್ಟು ಎತ್ತರ. ಕೆಲವೆಡೆ ಒಂದು ಪಕ್ಕ ಬಂಡೆಯ ಗೋಡೆ, ಇನ್ನೊಂದು ಪಕ್ಕ ಗಾಳಿ.

ಇಡೀ ಕೋಟೆಗೆ ಇರುವುದು ಇದೊಂದೇ ದಾರಿ. ಹಾಗೆ ನೋಡಿದರೆ ಇಲ್ಲಿ ಕೋಟೆ ಕಟ್ಟಿದ್ದು ಮನುಷ್ಯರಲ್ಲ, ಬಂಡೆಯೇ. ಮನುಷ್ಯರು ದಾರಿಗೆ ಬಾಗಿಲು ಇಟ್ಟು, ಅಲ್ಲಲ್ಲಿ ಗೋಡೆ ಎಬ್ಬಿಸಿದರು, ಅಷ್ಟೆ. ಮೇಲೆ ನಾಲ್ಕಾರು ಜನ ಕಲ್ಲು ಉರುಳಿಸುತ್ತ ಕುಳಿತರೂ ಕೆಳಗಿನ ಸಾವಿರ ಜನ ಒಬ್ಬರ ಹಿಂದೆ ಒಬ್ಬರು ಬರಬೇಕು.

ತುದಿಯಲ್ಲಿ ಬಯಲಿನಂಥ ಜಾಗ, ಮುರಿದ ಗೋಡೆಗಳು, ಮದ್ದಿನ ಮನೆಯ ಉಳಿಕೆ, ಒಂದು ಒಂಟಿ ತೋಪು. ಮಕ್ಕಳೆಲ್ಲ ತೋಪಿನ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ನೋಡಬೇಕಾದದ್ದು ಅಲ್ಲಿನ ಕೆರೆ. ಅಷ್ಟು ಎತ್ತರದ ಕಲ್ಲಿನ ಮೇಲೆ ಬಾವಿ ತೋಡಿದರೆ ನೀರೆಲ್ಲಿಂದ? ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಸುರಿಯುವ ಈ ಜಿಲ್ಲೆಯ ಮಳೆಯನ್ನು ಹಿಡಿದಿಟ್ಟರೆ ಮಾತ್ರ ಕಾವಲಿನವರಿಗೆ ಬಾಯಾರಿಕೆ ನೀಗಬೇಕು. ಅಕ್ಕಿ, ಉಪ್ಪು, ಮದ್ದು ಎಲ್ಲವೂ ಅದೇ ಮೆಟ್ಟಿಲುಗಳಲ್ಲಿ ಹೆಗಲ ಮೇಲೆ ಬರಬೇಕು. ಮನೆಯಿಂದ ತಂದ ಎರಡು ಬಾಟ್ಲಿ ನೀರು ಅರ್ಧ ದಾರಿಯಲ್ಲೇ ಮುಗಿಸಿದ ಮಕ್ಕಳಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಬೀಳದು.

1801ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯ ಗಡಾಯಿಕಲ್ಲಿನ ಮರ್ಮವನ್ನು ಸರಿಯಾಗಿ ಹಿಡಿದ. ಹತ್ತಿ ಗೆಲ್ಲುವುದು ಆಗದ ಕೋಟೆ, ನಿಜ. ಆದರೆ ಶತ್ರುವಿನ ಎದುರಿಗೆ ಇದರಿಂದ ಇಳಿದು ಬರುವುದೂ ಅಷ್ಟೇ ಕಷ್ಟ; ಬುಡದಲ್ಲಿ ತೋಪಿನ ಜೊತೆ ಸಣ್ಣದೊಂದು ಪಡೆ ನಿಂತರೆ ಮೇಲಿನ ದೊಡ್ಡ ಪಡೆಯೂ ಬಂದಿಯೇ ಎಂಬುದು ಅವನ ಅಭಿಪ್ರಾಯ. ಅವನು ಹೇಳಿದ್ದು ಊಹೆಯಲ್ಲ, ಆಗಷ್ಟೇ ನಡೆದದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದ. ಅದೇ ವರ್ಷ ಗಡಾಯಿಕಲ್ಲು ಇಂಗ್ಲಿಷರ ವಶವಾಯಿತು. ಸ್ವಲ್ಪ ಕಾಲದಲ್ಲೇ ಅವರ ವಿರುದ್ಧ ಎದ್ದ ಒಂದು ದಂಡು ಮೈಮರೆತ ಕಾವಲಿನ ಮೇಲೆ ಎರಗಿ ಕೋಟೆ ಹಿಡಿಯಿತು. ಥಾಮಸ್ ಮನ್ರೋ ಕೆನರಾದ ಕಲೆಕ್ಟರ್ ಆಗಿದ್ದ ಕಾಲ. ಕಂಪೆನಿಯವರು ಬಂಡೆ ಹತ್ತುವ ಸಾಹಸಕ್ಕೆ ಹೋಗದೆ ತಿಂಗಳುಗಟ್ಟಲೆ ದಾರಿ ಕಟ್ಟಿ ಕುಳಿತರು. 1800ರಲ್ಲಿ ಕೋಟೆ ಮತ್ತೆ ಅವರದಾಯಿತು. ಟಿಪ್ಪು ಮಂಗಳೂರಿನಲ್ಲಿ ಕ್ಯಾಂಬೆಲ್ಲನ ಮೇಲೆ ಪ್ರಯೋಗಿಸಿದ ಉಪಾಯವನ್ನೇ ಟಿಪ್ಪುವಿನ ಕೋಟೆಯ ಮೇಲೆ ಕಂಪೆನಿ ಪ್ರಯೋಗಿಸಿದಂತಾಯಿತು.

ಮೇಲೆ ಕುಳಿತು ಬುತ್ತಿ ಬಿಚ್ಚಿದಾಗ ಮಕ್ಕಳು ಕೇಳುವ ಒಂದು ಪ್ರಶ್ನೆಗೆ ದೊಡ್ಡವರು ಸಿದ್ಧರಾಗಿರಬೇಕು: "ಟಿಪ್ಪು ಒಳ್ಳೆಯವನೋ, ಕೆಟ್ಟವನೋ?" ಮಂಗಳೂರಿನಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. ಇಂಗ್ಲಿಷರಿಗೆ ತಲೆಬಾಗದೆ ಹೋರಾಡಿ ಸತ್ತ ಅರಸ ಎಂಬುದು ನಿಜ. 1784ರಲ್ಲಿ ಕೆನರಾದ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು, ಹಲವರು ದಾರಿಯಲ್ಲಿ ಮತ್ತು ಸೆರೆಯಲ್ಲಿ ತೀರಿಕೊಂಡದ್ದು ಕೂಡ ನಿಜ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ಸುಲಭ. ಹತ್ತು ವರ್ಷದ ಮಗು ಎರಡನ್ನೂ ತಾಳಿಕೊಳ್ಳಬಲ್ಲುದು. ದೊಡ್ಡವರಿಗೇ ಕೆಲವೊಮ್ಮೆ ಕಷ್ಟ. ಅಪರಾಧಿಗಳನ್ನು ಇಲ್ಲಿಂದ ಕೆಳಕ್ಕೆ ತಳ್ಳುತ್ತಿದ್ದರು ಎಂಬ ಕತೆಯನ್ನಂತೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ಅಂಚಿನಿಂದ ದೂರ ಕುಳಿತು ಹೇಳುವುದು ಒಳ್ಳೆಯದು.

ಇಳಿಯುವಾಗ ಬುಕಾನನ್ನನ ಮಾತು ಕಾಲಿಗೆ ತಿಳಿಯುತ್ತದೆ. ಹತ್ತುವಾಗ ಮಗುವಿನ ಕಣ್ಣೆದುರು ಮೆಟ್ಟಿಲು, ಇಳಿಯುವಾಗ ಕಣ್ಣೆದುರು ಆಳ. ಬಿಸಿಲಿಗೆ ಕಾದ ಬಂಡೆ, ಒಣಗಿದ ಹುಲ್ಲು, ನಡುಗುವ ಮೊಣಕಾಲು. ತಲೆಯಿಂದ ತಲೆಗೆ ಬಂದ ಉಪಾಯವೊಂದಿದೆ: ದೊಡ್ಡವರೊಬ್ಬರು ಮಗುವಿಗಿಂತ ಎರಡು ಮೆಟ್ಟಿಲು ಕೆಳಗೆ, ಇನ್ನೊಬ್ಬರು ಹಿಂದೆ, ಅಂಜಿದ ಮಗು ಕುಳಿತುಕೊಂಡೇ ಜಾರುತ್ತ ಬಂದರೂ ಯಾರೂ ನಗಬಾರದು. ಅರ್ಧ ದಾರಿಯಲ್ಲಿ ಸೋತ ಮಗುವನ್ನು "ಇನ್ನು ಸ್ವಲ್ಪವೇ" ಎಂದು ಪುಸಲಾಯಿಸಿ ತುದಿಗೆ ಏರಿಸುವವರು ಲೆಕ್ಕ ತಪ್ಪುವುದು ಇಲ್ಲಿಯೇ. ಏರಿಸಿದಷ್ಟನ್ನೂ ಇಳಿಸಬೇಕು, ಅದೂ ಹೊತ್ತು ಕಂತುವ ಮೊದಲು. ಬೆಳಗ್ಗೆ ಬೇಗ ಹತ್ತಿದವರಿಗೆ ಮಧ್ಯಾಹ್ನದ ಬಿಸಿಲಿನ ಕಾಟವೂ ಇಲ್ಲ, ಸಂಜೆಯ ಅವಸರವೂ ಇಲ್ಲ.

ಬೆಳ್ತಂಗಡಿಯಲ್ಲಿ ಒಂದೊಂದು ಬೊಂಡ ಕುಡಿಸಿದರೆ ಮಕ್ಕಳಿಗೆ ಮತ್ತೆ ಮಾತು ಬರುತ್ತದೆ. ಮೆಟ್ಟಿಲು ಎಷ್ಟಿದ್ದವು ಎಂಬ ಜಗಳ ಮಡಂತ್ಯಾರಿನವರೆಗೂ ನಡೆಯುತ್ತದೆ. ಪುಂಜಾಲಕಟ್ಟೆ ದಾಟುವಾಗ ಹಿಂದಿನ ಸೀಟಿನಲ್ಲಿ ಎಲ್ಲರೂ ನಿದ್ದೆ.