ಮೂವತ್ತೇಳು ಅಕ್ಷರಗಳ ನಗೆ

ಮಾತಿನ ಆಟಗಳಲ್ಲಿ ಅಕ್ಷರಪಲ್ಲಟ ಬಲು ಹಳೆಯದು. ‘ನದಿ’ಯನ್ನು ತಿರುಗಿಸಿದರೆ ‘ದಿನ’. ‘ಸರ’ವನ್ನು ತಿರುಗಿಸಿದರೆ ‘ರಸ’. ಮಕ್ಕಳಿಗೆ ಇದು ಆಟ, ಪಂಡಿತರಿಗೆ ಚಮತ್ಕಾರ. ಹದಿನೇಳನೆಯ ಶತಮಾನದ ಯೂರೋಪಿನ ಖಗೋಳಜ್ಞರಾದರೋ ಇದನ್ನು ಬೀಗವಾಗಿ ಬಳಸಿದರು. ಆ ಬೀಗ ತೆಗೆಯಹೋದವರ ಕಥೆಯಷ್ಟು ನಗೆ ತರಿಸುವ ಪ್ರಸಂಗ ವಿಜ್ಞಾನದ ಚರಿತ್ರೆಯಲ್ಲಿ ನನಗೆ ಬೇರೆ ಸಿಕ್ಕಿಲ್ಲ.

1610ರ ಜನವರಿಯಲ್ಲಿ ಗೆಲಿಲಿಯೊ ದೂರದರ್ಶಕದ ಮೂಲಕ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡು ಲೋಕವನ್ನು ಬೆರಗುಗೊಳಿಸಿದ್ದ. ಅದೇ ಜುಲೈಯಲ್ಲಿ ಶನಿಯ ಕಡೆ ನೋಡಿದಾಗ ಇನ್ನೊಂದು ಸೋಜಿಗ ಕಾಣಿಸಿತು. ಕೂಡಲೆ ಸಾರಿಬಿಟ್ಟು ಅದು ತಪ್ಪಾದರೆ ನಗೆಗೀಡು. ಸುಮ್ಮನಿದ್ದರೆ ಮೊದಲು ಕಂಡ ಕೀರ್ತಿ ಬೇರೆಯವರ ಪಾಲು. ಎರಡರಿಂದಲೂ ಪಾರಾಗಲು ಆತ ಕಂಡದ್ದನ್ನು ಒಂದು ಲ್ಯಾಟಿನ್ ವಾಕ್ಯದಲ್ಲಿ ಬರೆದು, ಅದರ 37 ಅಕ್ಷರಗಳನ್ನು ಕಲಸುಮೇಲೋಗರ ಮಾಡಿ, ಪ್ರಾಗ್ ನಗರದಲ್ಲಿದ್ದ ಟಸ್ಕನಿಯ ರಾಯಭಾರಿಗೆ ಕಳುಹಿಸಿದ.

ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನ ಗಣಿತಜ್ಞ ಕೆಪ್ಲರ್ ಇದ್ದದ್ದೂ ಅಲ್ಲಿಯೇ. ಗ್ರಹಗಳ ಹಾದಿ ದೀರ್ಘವೃತ್ತವೆಂದು ತೋರಿಸಿಕೊಟ್ಟ ಆ ಮಹಾಬುದ್ಧಿ ಈಗ ಒಗಟು ಬಿಡಿಸಲು ಕುಳಿತಿತು. ಭೂಮಿಗೆ ಒಬ್ಬ ಚಂದ್ರ, ಗುರುವಿಗೆ ನಾಲ್ವರು. ನಡುವಿನ ಮಂಗಳನಿಗೆ ಇಬ್ಬರು ಬೇಡವೆ? ಅಕ್ಷರಗಳೂ ಅದಕ್ಕೆ ಒಪ್ಪಿದವು! ಮಂಗಳನ ಅವಳಿ ಮಕ್ಕಳಿಗೆ ವಂದನೆ ಎಂಬರ್ಥದ ಸಾಲೊಂದು ಹೊರಬಂತು. ಅದರ ಲ್ಯಾಟಿನ್ ಅರೆ ಒರಟೆಂದು ಆತನೇ ಒಪ್ಪಿಕೊಂಡ. ಆದರೆ ಲೆಕ್ಕದಲ್ಲಿ ತಪ್ಪಿಲ್ಲ. ನಾನು ಎರಡು ವಾಕ್ಯಗಳನ್ನೂ ಪಕ್ಕಪಕ್ಕದಲ್ಲಿಟ್ಟು ಎಣಿಸಿ ನೋಡಿದ್ದೇನೆ. ಒಂದಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಕೊನೆಗೆ ಚಕ್ರವರ್ತಿಗೇ ಕುತೂಹಲ ತಡೆಯದಾಯಿತು. ನವೆಂಬರಿನಲ್ಲಿ ಗೆಲಿಲಿಯೊ ಗುಟ್ಟು ಬಿಚ್ಚಿದ: ಎಲ್ಲಕ್ಕಿಂತ ಎತ್ತರದ ಗ್ರಹವನ್ನು ತಾನು ಮೂರಾಗಿ ಕಂಡೆನೆಂದು. ಮಾತು ಶನಿಯದು, ಮಂಗಳನ ಸುದ್ದಿಯೇ ಅಲ್ಲಿರಲಿಲ್ಲ.

ಡಿಸೆಂಬರಿನಲ್ಲಿ ಇನ್ನೊಂದು ಒಗಟು ಬಂತು. ಈ ಸಲ ಕಲಸಿದ ಅಕ್ಷರಗಳೇ ಒಂದು ವಾಕ್ಯವಾಗಿದ್ದವು: ಮಾಗದ ಇವನ್ನು ನಾನು ವ್ಯರ್ಥವಾಗಿ ಓದುತ್ತಿದ್ದೇನೆ ಎಂದು. ಎಲ್ಲಿಯೂ ಕೂಡದ ಎರಡು ಅಕ್ಷರಗಳನ್ನು ಕೊನೆಗೆ ಬಾಲದಂತೆ ಅಂಟಿಸಿದ್ದ. ಕೆಪ್ಲರ್ ಮತ್ತೆ ತಿಣುಕಿ, ಬೇಗ ಬಿಡಿಸಿ ಹೇಳೆಂದು ಅಂಗಲಾಚಿದ. ಶುಕ್ರನೂ ಚಂದ್ರನಂತೆ ವೃದ್ಧಿಕ್ಷಯಗಳನ್ನು ತೋರುತ್ತಾನೆಂಬುದು ಅದರೊಳಗಿದ್ದ ಸತ್ಯ. ಟಾಲೆಮಿಯ ಭೂಕೇಂದ್ರಿತ ಲೋಕಕ್ಕೆ ಬಿದ್ದ ಕೊಡಲಿಪೆಟ್ಟು ಹೀಗೆ ಹಾಸ್ಯದ ವೇಷದಲ್ಲಿ ಬಂದಿತ್ತು.

ಎಲ್ಲಕ್ಕಿಂತ ದೊಡ್ಡ ಹಾಸ್ಯವನ್ನು ಕಾಲವೇ ಮಾಡಿತು. 1612ರಲ್ಲಿ ಶನಿಯ ಅಕ್ಕಪಕ್ಕದ ಸಂಗಾತಿಗಳು ಮಾಯವಾಗಿ ಗೆಲಿಲಿಯೊ ತಬ್ಬಿಬ್ಬಾದ. ಅವು ಗೋಳಗಳೇ ಅಲ್ಲ, ಬಳೆಯೊಂದರ ಎರಡು ತುದಿಗಳೆಂದು 1659ರಲ್ಲಿ ಹೈಗನ್ಸ್ ವಿವರಿಸಿದ. ಅವನೂ ಅದನ್ನು ಮೊದಲು ಅಕ್ಷರಗಳಲ್ಲಿಯೇ ಬಚ್ಚಿಟ್ಟಿದ್ದ! ಇನ್ನು ಮಂಗಳನಿಗೆ ನಿಜವಾಗಿಯೂ ಇಬ್ಬರು ಚಂದ್ರರುಂಟೆಂದು 1877ರ ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ಆಸಫ್ ಹಾಲ್ ಕಂಡುಹಿಡಿದ. ಅಂದರೆ ಒಗಟಿನ ಸರಿಯುತ್ತರ ಆಕಾಶದಲ್ಲಿ ಸುಳ್ಳಾಯಿತು, ತಪ್ಪುತ್ತರ ನಿಜವಾಯಿತು.

ಹಾಗೆಂದು ಕೆಪ್ಲರನನ್ನು ದ್ರಷ್ಟಾರನೆನ್ನಲಾರೆ. ಅಕ್ಷರಗಳು ಯಾರಿಗೂ ನಿಷ್ಠೆಯಿಂದಿರುವುದಿಲ್ಲ; ಬೇಡಿದವರಿಗೆ ಬೇಡಿದ ಅರ್ಥ ಕೊಡುತ್ತವೆ. ನಾನು ಮೆಚ್ಚುವುದು ಬೇರೊಂದು ಗುಣವನ್ನು. ತನ್ನ ಬಿಡಿಕೆಯನ್ನೂ, ಅದನ್ನು ಸುಳ್ಳಾಗಿಸಿದ ಗೆಲಿಲಿಯೊನ ಪತ್ರವನ್ನೂ ಆತನೇ 1611ರಲ್ಲಿ ಅಚ್ಚು ಹಾಕಿಸಿದ. ಅಷ್ಟು ದೊಡ್ಡ ಮನಸ್ಸು ಇಲ್ಲದಿದ್ದರೆ ಈ ನಗೆ ನಮ್ಮ ಪಾಲಿಗೆ ಬರುತ್ತಿರಲಿಲ್ಲ.